ಖಾತೆಯ ನಿಷೇಧ: ಓದು, ಸಂಬಂಧ ಮತ್ತು ದಾಖಲೆಯ ಪ್ರಶ್ನೆಗಳು

ಸಾಮಾಜಿಕ ಜಾಲತಾಣಗಳ ಬಗೆಗಿನ ಚರ್ಚೆಗಳು ಬಹುಮಟ್ಟಿಗೆ ಅಲ್ಲಿ ಏನನ್ನು ಬರೆಯಲಾಗುತ್ತಿದೆ ಎಂಬುದರ ಸುತ್ತಲೇ ನಡೆಯುತ್ತವೆ. ಹಾಗೆ ಬರೆಯುತ್ತಿದ್ದ ವ್ಯಕ್ತಿಯ ಖಾತೆಯನ್ನೇ ಮುಚ್ಚಿದಾಗ ಏನಾಗುತ್ತದೆ ಎಂಬ ಪ್ರಶ್ನೆಯನ್ನು ತಾಂತ್ರಿಕ ಸಮಸ್ಯೆಯೆಂದೋ ಕಾನೂನಿಗೆ ಸೇರಿದ ವಿಚಾರವೆಂದೋ ಬದಿಗಿಡುವುದು ವಾಡಿಕೆ. ಆದರೆ ನಿಷೇಧಗಳಲ್ಲಿ ಹಲವು ಯಾವುದೋ ಒಂದು ಬರಹವನ್ನು ಯಾರೋ ಓದಿದುದರ, ಅಥವಾ ಯಂತ್ರವೊಂದು ಓದಿದಂತೆ ಮಾಡಿದುದರ ಫಲಗಳು. ಆ ಓದು ಸರಿಯೇ, ಅದಕ್ಕೆ ಕಾರಣ ಕೊಡಲಾಯಿತೇ, ಓದಿಗೆ ಎದುರಾಗಿ ಉತ್ತರಿಸಲು ಬರೆದವರಿಗೆ ಅವಕಾಶ ದೊರೆಯಿತೇ ಎಂಬ ಪ್ರಶ್ನೆಗಳು ಸಾಹಿತ್ಯದ ವಿದ್ಯಾರ್ಥಿಗಳಿಗೆ ಹೊರತಾದವುಗಳಲ್ಲ. ಈ ದೃಷ್ಟಿಯಿಂದ ಖಾತೆಯ ನಿಷೇಧದ ಸ್ವರೂಪವನ್ನೂ ಅದರ ಪರಿಣಾಮಗಳನ್ನೂ ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

ಖಾತೆ ಮತ್ತು ಅಮಾನತು

ಮೊದಲಿಗೆ ಬಳಕೆಯಲ್ಲಿರುವ ಪದಗಳನ್ನು ಗಮನಿಸಬೇಕು. ‘ಖಾತೆ’ ಎಂಬ ಪದ ಕನ್ನಡದಲ್ಲಿ ಅಂಗಡಿಯ ಲೆಕ್ಕಕ್ಕೂ ಬ್ಯಾಂಕಿನ ವ್ಯವಹಾರಕ್ಕೂ ಮಂತ್ರಿಯ ಹೊಣೆಗಾರಿಕೆಗೂ ಮನೆ ನಿವೇಶನಗಳ ದಾಖಲೆಗೂ ಸಲ್ಲುತ್ತದೆ. ಇವುಗಳಲ್ಲಿ ಕೊನೆಯ ಅರ್ಥ ಇಲ್ಲಿ ಹೆಚ್ಚು ಪ್ರಸ್ತುತವಾದುದು. ನಗರಸಭೆ ಅಥವಾ ಗ್ರಾಮ ಪಂಚಾಯಿತಿಯಲ್ಲಿ ಒಬ್ಬರ ಹೆಸರಿಗೆ ಖಾತೆ ಇದೆಯೆಂದರೆ ಆ ಸ್ವತ್ತಿನ ತೆರಿಗೆಯನ್ನು ಅವರಿಂದ ಪಡೆಯಲಾಗುತ್ತದೆ ಎಂದರ್ಥ. ಅದೊಂದರಿಂದಲೇ ಮಾಲೀಕತ್ವ ಸಿದ್ಧವಾಗುವುದಿಲ್ಲ; ಮಾಲೀಕತ್ವಕ್ಕೆ ಕ್ರಯಪತ್ರವೇ ಮೊದಲಾದ ಬೇರೆ ಆಧಾರಗಳು ಬೇಕು. ಸಾಮಾಜಿಕ ಜಾಲತಾಣದ ಖಾತೆಯ ಸ್ಥಿತಿಯೂ ಇದಕ್ಕೆ ಸಮೀಪವಾದುದು. ಬಳಕೆದಾರರು ಬರೆದ ಬರಹದ ಹಕ್ಕುಸ್ವಾಮ್ಯ ಅವರದ್ದೇ ಆಗಿ ಉಳಿಯುತ್ತದೆಂದು ಕಂಪನಿಗಳ ನಿಬಂಧನೆಗಳು ಹೇಳುತ್ತವೆ. ಆದರೆ ಆ ಬರಹ ನಿಂತಿರುವ ನೆಲ ಕಂಪನಿಯದು. ನಿಬಂಧನೆಗಳನ್ನು ಒಪ್ಪಿಕೊಂಡೇ ಒಳಬಂದವರನ್ನು ಆ ನಿಬಂಧನೆಗಳ ಆಧಾರದ ಮೇಲೆಯೇ ಹೊರಕ್ಕೆ ಕಳುಹಿಸುವ ಅಧಿಕಾರವನ್ನು ಕಂಪನಿ ತನ್ನಲ್ಲಿ ಉಳಿಸಿಕೊಂಡಿರುತ್ತದೆ.

ಎರಡನೆಯದು ‘ಅಮಾನತು’. ಸರ್ಕಾರಿ ನೌಕರಿಯ ಸಂದರ್ಭದಲ್ಲಿ ಅಮಾನತು ತಾತ್ಕಾಲಿಕವಾದುದು. ಅದು ವಜಾ ಅಲ್ಲ. ಕರ್ನಾಟಕದಲ್ಲಿ ನಾಗರಿಕ ಸೇವಾ ನಿಯಮಗಳ ಪ್ರಕಾರ ನೌಕರನನ್ನು ಅಮಾನತಿನಲ್ಲಿಡಲು ಲಿಖಿತ ಆದೇಶ ಬೇಕು, ಆ ಅವಧಿಯಲ್ಲಿ ಅವನಿಗೆ ಜೀವನಾಧಾರ ಭತ್ಯೆ ಸಲ್ಲುತ್ತದೆ, ದಂಡನೆಗೆ ಮುನ್ನ ಆರೋಪಪಟ್ಟಿ ಮತ್ತು ವಿಚಾರಣೆಗಳಿವೆ. ಜಾಲತಾಣಗಳು ರೂಢಿಗೆ ತಂದ ‘ಕಾಯಂ ಅಮಾನತು’ ಎಂಬ ಪದಗುಚ್ಛದಲ್ಲಿ ಹೆಸರು ಮಾತ್ರ ಅಮಾನತಿನದು, ಪರಿಣಾಮ ವಜಾದ್ದು. ಅಮಾನತಿಗೆ ಅಂಟಿಕೊಂಡಿರುವ ವಿಚಾರಣೆಯ ಕಲ್ಪನೆ ಅಲ್ಲಿ ಕಳಚಿಹೋಗಿದೆ.

ನಿಷೇಧದ ಹಂತಗಳು

ನಿಷೇಧ ಎಂದು ಒಂದೇ ಹೆಸರಿನಿಂದ ಕರೆಯಲಾಗುವ ಕ್ರಮದಲ್ಲಿ ಹಲವು ಬಗೆಗಳಿವೆ. ಒಂದು ಬರಹವನ್ನಷ್ಟೇ ತೆಗೆದುಹಾಕುವುದು ಅತ್ಯಂತ ಸೌಮ್ಯವಾದುದು. ಬರಹವನ್ನು ಉಳಿಸಿ ಅದು ಇತರರ ಕಣ್ಣಿಗೆ ಬೀಳದಂತೆ ಹಿಂದೆ ಸರಿಸುವುದು ಎರಡನೆಯದು. ಇದು ಬರೆದವರಿಗೆ ತಿಳಿಯದೇ ನಡೆಯಬಹುದು. ಕೆಲವು ಗಂಟೆ ಅಥವಾ ದಿನಗಳ ಕಾಲ ಬರೆಯದಂತೆ ತಡೆಯುವುದು ಮೂರನೆಯದು. ಸರ್ಕಾರದ ಆದೇಶದಂತೆ ಒಂದು ದೇಶದೊಳಗೆ ಮಾತ್ರ ಖಾತೆಯನ್ನು ಕಾಣದಂತೆ ಮಾಡುವುದು ನಾಲ್ಕನೆಯದು; ಬೆಂಗಳೂರಿನಲ್ಲಿ ಮರೆಯಾದ ಖಾತೆ ಆಗ ಲಂಡನ್ನಿನಲ್ಲಿ ಕಾಣುತ್ತಿರುತ್ತದೆ. ಇಡೀ ಖಾತೆಯನ್ನು ಎಲ್ಲೆಡೆಯೂ ಮುಚ್ಚುವುದು ಕೊನೆಯದು.

ಈ ಕ್ರಮಗಳಿಗೆ ಕಾರಣವಾಗುವ ಮೂಲಗಳೂ ಬೇರೆ ಬೇರೆ. ಮೊದಲೇ ಗುರುತಿಸಿಟ್ಟ ಚಿತ್ರ ಅಥವಾ ದೃಶ್ಯದೊಡನೆ ಹೊಸದನ್ನು ಹೋಲಿಸಿ ನೋಡುವ ಯಂತ್ರವಿಧಾನವಿದೆ. ಪದಗಳ ಸ್ವರೂಪವನ್ನೂ ಖಾತೆಯ ನಡವಳಿಕೆಯನ್ನೂ ಅಳೆಯುವ ವಿಧಾನವಿದೆ. ಇತರ ಬಳಕೆದಾರರು ಸಲ್ಲಿಸುವ ದೂರುಗಳಿವೆ. ಇವು ಕೆಲವೊಮ್ಮೆ ಗುಂಪುಗೂಡಿ ಸಲ್ಲಿಸಿದ ದೂರುಗಳಾಗಿರುತ್ತವೆ. ಸರ್ಕಾರ ಮತ್ತು ನ್ಯಾಯಾಲಯದ ಆದೇಶಗಳು ಮತ್ತೊಂದು ಮೂಲ. ಯಂತ್ರ ಎತ್ತಿ ತೋರಿಸಿದ ಬರಹಗಳಲ್ಲಿ ಒಂದು ಭಾಗ ಮಾತ್ರ ಮನುಷ್ಯ ಪರಿಶೀಲಕರ ಮುಂದೆ ಬರುತ್ತದೆ.

ಈ ಕೆಲಸದ ಪ್ರಮಾಣವನ್ನು ತಿಳಿಯಲು ಒಂದು ನಿದರ್ಶನ ಸಾಕು. ಭಾರತದ 2021ರ ಮಾಹಿತಿ ತಂತ್ರಜ್ಞಾನ ನಿಯಮಗಳಂತೆ ವಾಟ್ಸಾಪ್ ಪ್ರಕಟಿಸಿದ ಮೊದಲ ವರದಿಯ ಪ್ರಕಾರ, 2021ರ ಮೇ 15ರಿಂದ ಜೂನ್ 15ರವರೆಗಿನ ಒಂದೇ ತಿಂಗಳಲ್ಲಿ ಭಾರತದ ಸುಮಾರು 20 ಲಕ್ಷ ಖಾತೆಗಳನ್ನು ಅದು ನಿಷೇಧಿಸಿತ್ತು. ಇವುಗಳಲ್ಲಿ ಶೇ. 95ಕ್ಕಿಂತ ಹೆಚ್ಚಿನವು ಯಂತ್ರದ ಮೂಲಕ ಅಥವಾ ಸಗಟಾಗಿ ಸಂದೇಶ ಕಳುಹಿಸಿದ ಕಾರಣಕ್ಕೆ ನಿಷೇಧಕ್ಕೊಳಗಾದವು. ಇಲ್ಲಿ ಅಳೆಯಲಾದುದು ಸಂದೇಶದ ಅರ್ಥವನ್ನಲ್ಲ, ಕಳುಹಿಸಿದ ರೀತಿಯನ್ನು. ಇಂತಹ ಪ್ರಮಾಣದಲ್ಲಿ ಯಂತ್ರದ ನೆರವು ಅನಿವಾರ್ಯ ಎಂಬುದನ್ನು ಒಪ್ಪಬೇಕಾಗುತ್ತದೆ. ಸಮಸ್ಯೆ ತಲೆದೋರುವುದು ಇದೇ ವೇಗ ಅರ್ಥದ ಕ್ಷೇತ್ರಕ್ಕೆ ಕಾಲಿಟ್ಟಾಗ.

ವಾಚ್ಯಾರ್ಥದ ಓದು

ಸರ್ವೋಚ್ಚ ನ್ಯಾಯಾಲಯದ ಹಿರಿಯ ವಕೀಲರಾದ ಸಂಜಯ್ ಹೆಗ್ಡೆ ಅವರ ಟ್ವಿಟರ್ ಖಾತೆಯ ಪ್ರಕರಣ ಈ ದೃಷ್ಟಿಯಿಂದ ವಿಶೇಷ ಗಮನಕ್ಕೆ ಅರ್ಹವಾಗಿದೆ. 2019ರ ಅಕ್ಟೋಬರ್ ಕೊನೆಯಲ್ಲಿ ಅವರ ಖಾತೆ ಅಮಾನತುಗೊಂಡಿತು. ಕಾರಣ ಅವರು ಮುಖಪುಟಕ್ಕೆ ಹಾಕಿಕೊಂಡಿದ್ದ ಒಂದು ಛಾಯಾಚಿತ್ರ. 1936ರಲ್ಲಿ ಜರ್ಮನಿಯ ಹ್ಯಾಂಬರ್ಗಿನ ಹಡಗು ಕಾರ್ಖಾನೆಯಲ್ಲಿ ತೆಗೆದ ಆ ಚಿತ್ರದಲ್ಲಿ ನೆರೆದ ಜನಸಮೂಹವೆಲ್ಲ ಕೈ ಮುಂಚಾಚಿ ನಾಜಿ ವಂದನೆ ಸಲ್ಲಿಸುತ್ತಿದ್ದರೆ ಒಬ್ಬ ವ್ಯಕ್ತಿ ಮಾತ್ರ ಕೈಕಟ್ಟಿ ನಿಂತಿದ್ದಾನೆ. ಆಗಸ್ಟ್ ಲಾಂಡ್‌ಮೆಸ್ಸರ್ ಎಂದು ಸಾಮಾನ್ಯವಾಗಿ ಗುರುತಿಸಲಾಗುವ ಈತನ ಚಿತ್ರ ಜಗತ್ತಿನೆಲ್ಲೆಡೆ ಪ್ರತಿರೋಧದ ಸಂಕೇತವಾಗಿ ಬಳಕೆಯಲ್ಲಿದೆ. ಇದನ್ನು ದ್ವೇಷಸೂಚಕ ಚಿತ್ರವೆಂದು ಪರಿಗಣಿಸಲಾಯಿತು.

ಖಾತೆ ಮರಳಿ ದೊರೆತ ಕೂಡಲೇ ಮತ್ತೊಮ್ಮೆ ಅಮಾನತುಗೊಂಡಿತು. ಈ ಬಾರಿಯ ಕಾರಣ ಅವರು 2017ರಲ್ಲಿ ಹಂಚಿಕೊಂಡಿದ್ದ, ಹಿಂದಿ ಕವಿ ಗೋರಖ್ ಪಾಂಡೆ ಅವರ ಒಂದು ಕವಿತೆ. ಮರಣದಂಡನೆಯನ್ನು ಪ್ರತಿಭಟಿಸುವ ಈ ಕವಿತೆ, ಗಲ್ಲಿಗೇರಿಸಬೇಕೆನ್ನುವವರ ಧ್ವನಿಯನ್ನೇ ಅನುಕರಿಸಿ ಅದನ್ನು ಬಯಲಿಗೆಳೆಯುತ್ತದೆ. ಮೇಲ್ನೋಟದಲ್ಲಿ ಅದರಲ್ಲಿರುವುದು ಗಲ್ಲಿಗೇರಿಸಿ ಎಂಬ ಆಜ್ಞೆ. ಕವಿತೆ ಹೇಳುತ್ತಿರುವುದು ಅದಕ್ಕೆ ತದ್ವಿರುದ್ಧವಾದುದನ್ನು. ಕಂಪನಿ ಖಾತೆಯನ್ನು ಮರಳಿಸಲು ನಿರಾಕರಿಸಿದಾಗ ಹೆಗ್ಡೆ ಅವರು 2019ರ ಡಿಸೆಂಬರ್‌ನಲ್ಲಿ ದೆಹಲಿ ಉಚ್ಚ ನ್ಯಾಯಾಲಯದ ಮೊರೆ ಹೋದರು.

ಈ ಎರಡು ಘಟನೆಗಳಲ್ಲಿ ಒಂದೇ ಬಗೆಯ ದೋಷ ಕಾಣುತ್ತದೆ. ಭಾರತೀಯ ಕಾವ್ಯಮೀಮಾಂಸೆ ಶಬ್ದಕ್ಕೆ ಅಭಿಧೆ, ಲಕ್ಷಣೆ, ವ್ಯಂಜನೆ ಎಂಬ ಮೂರು ಶಕ್ತಿಗಳನ್ನು ಹೇಳುತ್ತದೆ. ಕನ್ನಡದ ‘ಕವಿರಾಜಮಾರ್ಗ’ 9ನೆಯ ಶತಮಾನದಲ್ಲಿಯೇ ಧ್ವನಿಯನ್ನು ಒಂದು ಅಲಂಕಾರವಾಗಿ ಗುರುತಿಸಿದೆ. ಹೊಗಳಿಕೆಯ ಮಾತಿನಲ್ಲಿ ನಿಂದೆಯನ್ನೂ ನಿಂದೆಯ ಮಾತಿನಲ್ಲಿ ಸ್ತುತಿಯನ್ನೂ ಅಡಗಿಸುವ ವ್ಯಾಜಸ್ತುತಿಯನ್ನು ಕಾವ್ಯದ ಆರಂಭಿಕ ವಿದ್ಯಾರ್ಥಿಯೂ ಬಲ್ಲನು. ಆದರೆ ಇಲ್ಲಿ ನಡೆದುದು ಅಭಿಧೆಯಲ್ಲಿಯೇ ನಿಂತುಹೋದ ಓದು. ಚಿತ್ರದಲ್ಲಿ ನಾಜಿ ವಂದನೆ ಕಂಡಿತು, ಕೈಕಟ್ಟಿ ನಿಂತವನು ಕಾಣಲಿಲ್ಲ. ಕವಿತೆಯಲ್ಲಿ ಗಲ್ಲು ಕಂಡಿತು, ಗಲ್ಲಿನ ವಿರುದ್ಧದ ದನಿ ಕೇಳಲಿಲ್ಲ.

ಕನ್ನಡದ ಸಂದರ್ಭದಲ್ಲಿ ಈ ಅಪಾಯ ಕಡಿಮೆಯೇನಲ್ಲ. ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಅಜ್ಜಿಯೊಬ್ಬಳು ಮೊಮ್ಮಗನನ್ನು ‘ಮುಂಡೇದೇ’ ಎಂದು ಕರೆದರೆ ಅದು ಮುದ್ದು. ಅದೇ ಪದ ಬೀದಿಯ ಜಗಳದಲ್ಲಿ ಬೈಗುಳ. ಸಿದ್ಧಲಿಂಗಯ್ಯನವರ ಮೊದಲ ಕವನಸಂಕಲನ ‘ಹೊಲೆಮಾದಿಗರ ಹಾಡು’ 1975ರಲ್ಲಿ ಪ್ರಕಟವಾಯಿತು. ಅವಮಾನಕ್ಕೆ ಬಳಸುತ್ತಿದ್ದ ಜಾತಿಸೂಚಕ ಪದಗಳನ್ನೇ ಆತ್ಮಗೌರವದ ಘೋಷಣೆಯಾಗಿ ಶೀರ್ಷಿಕೆಯಲ್ಲಿ ನಿಲ್ಲಿಸಿದ್ದು ಆ ಸಂಕಲನದ ಐತಿಹಾಸಿಕ ಮಹತ್ವಗಳಲ್ಲೊಂದು. ನಿಷಿದ್ಧ ಪದಗಳ ಪಟ್ಟಿಯನ್ನು ಮಾತ್ರ ಹಿಡಿದು ಹೊರಟ ಓದಿಗೆ ದಲಿತ ಕವಿಯ ಪ್ರತಿಭಟನೆಗೂ ದಲಿತರನ್ನು ನಿಂದಿಸುವವನ ಮಾತಿಗೂ ವ್ಯತ್ಯಾಸ ತಿಳಿಯುವ ದಾರಿಯಿಲ್ಲ. ಪದವನ್ನು ಯಾರು, ಯಾರಿಗೆ, ಯಾವ ನೆಲೆಯಿಂದ ಹೇಳುತ್ತಿದ್ದಾರೆ ಎಂಬುದನ್ನು ತಿಳಿದ, ಆ ಭಾಷೆಯನ್ನು ಬಲ್ಲ ಓದುಗರೇ ಅದನ್ನು ನಿರ್ಣಯಿಸಬೇಕಾಗುತ್ತದೆ.

ಕಡಿದುಹೋಗುವ ಸಂಬಂಧ

ಖಾತೆ ಮುಚ್ಚಿದಾಗ ಮಾತು ಮಾತ್ರ ನಿಲ್ಲುವುದಿಲ್ಲ. ವರ್ಷಗಳ ಕಾಲ ಕಟ್ಟಿಕೊಂಡ ಸಂಪರ್ಕಗಳು, ಸಂಭಾಷಣೆಗಳು, ಗುಂಪುಗಳು ಒಮ್ಮೆಲೇ ಕೈತಪ್ಪುತ್ತವೆ. ಸಣ್ಣ ವ್ಯಾಪಾರಿಗಳಿಗೆ ಗಿರಾಕಿಗಳ ಪಟ್ಟಿಯೂ, ಊರುಬಿಟ್ಟು ಬಂದವರಿಗೆ ಊರಿನವರ ಸುದ್ದಿಯೂ ಆ ಖಾತೆಯಲ್ಲೇ ಇರುತ್ತವೆ. ಇನ್ನೊಂದು ತುದಿಯಲ್ಲಿರುವವರಿಗೆ ಏನಾಯಿತೆಂಬುದು ಸಾಮಾನ್ಯವಾಗಿ ತಿಳಿಯುವುದೇ ಇಲ್ಲ. ವ್ಯಕ್ತಿ ಮುನಿಸಿಕೊಂಡು ದೂರವಾದರೋ, ತಾವೇ ಖಾತೆ ಅಳಿಸಿದರೋ, ಅಥವಾ ಹೊರಹಾಕಲ್ಪಟ್ಟರೋ ಎಂದು ಅವರು ಊಹಿಸಬೇಕಾಗುತ್ತದೆ.

ಇದನ್ನು ಗ್ರಾಮಸಮಾಜದ ಬಹಿಷ್ಕಾರಕ್ಕೆ ಹೋಲಿಸಲು ಮನಸ್ಸಾಗುವುದು ಸಹಜ. ಹೋಲಿಕೆ ಒಂದು ಮಟ್ಟದವರೆಗೆ ಸರಿ. ಎರಡರಲ್ಲಿಯೂ ವ್ಯಕ್ತಿಯ ದೇಹಕ್ಕೆ ಪೆಟ್ಟು ಬೀಳದೆಯೇ ಅವನ ಸಂಬಂಧಗಳನ್ನು ಕಡಿಯಲಾಗುತ್ತದೆ. ಆದರೆ ವ್ಯತ್ಯಾಸವನ್ನು ಮರೆಯುವಂತಿಲ್ಲ. ಬಹಿಷ್ಕಾರ ಬಹುತೇಕ ಜಾತಿವ್ಯವಸ್ಥೆಯ ಆಯುಧವಾಗಿತ್ತು. ನೀರು, ಬೆಂಕಿ, ಕೂಲಿಗಳನ್ನೇ ತಪ್ಪಿಸಿ ಬದುಕನ್ನು ಅಸಾಧ್ಯಗೊಳಿಸುತ್ತಿತ್ತು. ಅದರ ಕ್ರೌರ್ಯವನ್ನು ಖಾತೆಯ ನಿಷೇಧಕ್ಕೆ ಸಮೀಕರಿಸುವುದು ಸಲ್ಲದು. ಬಹಿಷ್ಕಾರ ಹಾಕಿದವರು ಯಾರೆಂಬುದು ಊರಿಗೆಲ್ಲ ತಿಳಿದಿರುತ್ತಿತ್ತು. ಇಲ್ಲಿ ತೀರ್ಪು ನೀಡಿದವರಿಗೆ ಮುಖವಿಲ್ಲ.

ಈ ನಷ್ಟವನ್ನು ಹಕ್ಕಿನ ಭಾಷೆಯಲ್ಲಿ ಮಂಡಿಸುವುದು ಸುಲಭವಲ್ಲ. ವಾಟ್ಸಾಪ್ ಖಾತೆ ಸ್ಥಗಿತಗೊಂಡುದನ್ನು ಪ್ರಶ್ನಿಸಿ ಸಲ್ಲಿಸಿದ್ದ ಅರ್ಜಿಯೊಂದನ್ನು 2025ರ ಅಕ್ಟೋಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ವಿಚಾರಣೆಗೆ ಎತ್ತಿಕೊಳ್ಳಲಿಲ್ಲ. ವಾಟ್ಸಾಪ್ ಬಳಸುವುದು ಯಾವ ಮೂಲಭೂತ ಹಕ್ಕು ಎಂಬುದು ಅಲ್ಲಿ ಎದ್ದ ಪ್ರಶ್ನೆ. ಖಾಸಗಿ ಕಂಪನಿಯೊಡನೆ ಮಾಡಿಕೊಂಡ ಒಪ್ಪಂದವೊಂದು ಸಾರ್ವಜನಿಕ ಬದುಕಿನ ಭಾಗವಾಗಿಬಿಟ್ಟಾಗ ಉಂಟಾಗುವ ಇಕ್ಕಟ್ಟನ್ನು ಈ ಪ್ರಶ್ನೆ ಸೂಚಿಸುತ್ತದೆ.

ನಿಷೇಧದ ಅಗತ್ಯ

ಇಷ್ಟರಿಂದ ನಿಷೇಧವೇ ಅನ್ಯಾಯವೆಂಬ ತೀರ್ಮಾನಕ್ಕೆ ಬರಲಾಗದು. ಮ್ಯಾನ್ಮಾರಿನ ಅನುಭವ ಇದಕ್ಕೆ ಸಾಕ್ಷಿ. ರೋಹಿಂಗ್ಯಾ ಜನಾಂಗದ ವಿರುದ್ಧ ದ್ವೇಷವನ್ನು ಹರಡಲು ಅಲ್ಲಿ ಫೇಸ್‌ಬುಕ್ ಸಾಧನವಾಯಿತು. 2017ರಲ್ಲಿ ಏಳು ಲಕ್ಷಕ್ಕೂ ಹೆಚ್ಚು ಜನ ಬಾಂಗ್ಲಾದೇಶಕ್ಕೆ ಓಡಿಹೋದ ಮೇಲೆ, 2018ರ ಆಗಸ್ಟ್ 27ರಂದು ಕಂಪನಿಯು 18 ಫೇಸ್‌ಬುಕ್ ಖಾತೆಗಳನ್ನೂ 52 ಪುಟಗಳನ್ನೂ ಒಂದು ಇನ್‌ಸ್ಟಾಗ್ರಾಂ ಖಾತೆಯನ್ನೂ ತೆಗೆದುಹಾಕಿತು. ಸೇನಾ ಮುಖ್ಯಸ್ಥ ಮಿನ್ ಆಂಗ್ ಹ್ಲೈಂಗ್ ಈ ಕ್ರಮಕ್ಕೆ ಒಳಗಾದವರಲ್ಲಿ ಒಬ್ಬರು. ಈ ಖಾತೆಗಳನ್ನೂ ಪುಟಗಳನ್ನೂ ಸುಮಾರು 1.2 ಕೋಟಿ ಜನ ಅನುಸರಿಸುತ್ತಿದ್ದರು. ತಾನು ಕ್ರಮ ಕೈಗೊಳ್ಳುವುದು ತಡವಾಯಿತೆಂದು ಕಂಪನಿಯೇ ಒಪ್ಪಿಕೊಂಡಿತು. ಇಲ್ಲಿ ತಪ್ಪು ನಿಷೇಧದಲ್ಲಿರಲಿಲ್ಲ, ಅದರ ವಿಳಂಬದಲ್ಲಿತ್ತು.

ಅಮೆರಿಕದ ಅಧ್ಯಕ್ಷರಾಗಿದ್ದ ಡೊನಾಲ್ಡ್ ಟ್ರಂಪ್ ಅವರ ಪ್ರಕರಣ ಮತ್ತೊಂದು ಮುಖವನ್ನು ತೋರಿಸುತ್ತದೆ. 2021ರ ಜನವರಿ 6ರಂದು ಅಮೆರಿಕದ ಸಂಸತ್ ಭವನದ ಮೇಲೆ ದಾಳಿ ನಡೆದ ಮರುದಿನ ಫೇಸ್‌ಬುಕ್ ಅವರನ್ನು ಅನಿರ್ದಿಷ್ಟ ಕಾಲ ತಡೆಹಿಡಿಯಿತು. ಜನವರಿ 8ರಂದು ಟ್ವಿಟರ್ ಅವರನ್ನು ಕಾಯಂ ಆಗಿ ಹೊರಹಾಕಿತು. ಫೇಸ್‌ಬುಕ್ ಸ್ಥಾಪಿಸಿದ ಮೇಲ್ವಿಚಾರಣಾ ಮಂಡಳಿಯು ಅದೇ ವರ್ಷದ ಮೇ 5ರಂದು ನೀಡಿದ ನಿರ್ಣಯ ಗಮನಾರ್ಹವಾದುದು. ಖಾತೆಯನ್ನು ತಡೆದುದು ಸರಿ, ಆದರೆ ‘ಅನಿರ್ದಿಷ್ಟ’ ಎಂಬ ಶಿಕ್ಷೆ ಕಂಪನಿಯ ನಿಯಮಗಳಲ್ಲಿಯೇ ಇಲ್ಲ, ಆದುದರಿಂದ ಅದು ಸಲ್ಲದು ಎಂದು ಮಂಡಳಿ ಹೇಳಿತು. ಬಳಿಕ ಫೇಸ್‌ಬುಕ್ ಎರಡು ವರ್ಷಗಳ ಅವಧಿಯನ್ನು ನಿಗದಿಪಡಿಸಿತು. ಟ್ವಿಟರ್ ಖಾತೆ 2022ರ ನವೆಂಬರ್‌ನಲ್ಲಿ, ಕಂಪನಿಯ ಒಡೆತನ ಬದಲಾದ ಮೇಲೆ, ಬಳಕೆದಾರರ ಮತದಾನವೊಂದರ ನಂತರ ಮರಳಿತು. ಹೊಸ ಒಡೆಯರೊಡನೆ ‘ಕಾಯಂ’ ಎಂಬ ಪದದ ಅರ್ಥವೂ ಬದಲಾಯಿತು. ಹೊರಹಾಕಿದ ಕ್ರಮವಾಗಲಿ ಒಳಕರೆದ ಕ್ರಮವಾಗಲಿ ಸ್ಥಿರವಾದ ನಿಯಮಕ್ಕಿಂತ ಮಾಲೀಕರ ಇಚ್ಛೆಯನ್ನು ಹೆಚ್ಚು ಅವಲಂಬಿಸಿತ್ತು ಎಂಬುದು ಇದರಿಂದ ವ್ಯಕ್ತವಾಗುತ್ತದೆ.

ಕಾರಣ ಕೇಳುವ ಹಕ್ಕು

ಭಾರತದಲ್ಲಿ 2021ರ ಫೆಬ್ರವರಿ 25ರಂದು ಪ್ರಕಟವಾದ ಮಾಹಿತಿ ತಂತ್ರಜ್ಞಾನ ನಿಯಮಗಳು ಈ ನಿಟ್ಟಿನಲ್ಲಿ ಒಂದು ಮುಖ್ಯ ಹೆಜ್ಜೆ. 50 ಲಕ್ಷಕ್ಕೂ ಹೆಚ್ಚು ನೋಂದಾಯಿತ ಬಳಕೆದಾರರುಳ್ಳ ಜಾಲತಾಣವು ತಾನಾಗಿಯೇ ಒಂದು ಬರಹವನ್ನು ತೆಗೆದುಹಾಕುವ ಮುನ್ನ ಬಳಕೆದಾರರಿಗೆ ಕಾರಣಸಹಿತ ಸೂಚನೆ ಕೊಡಬೇಕು, ಅದನ್ನು ಪ್ರಶ್ನಿಸಲು ಸೂಕ್ತ ಅವಕಾಶ ನೀಡಬೇಕು ಎಂದು 4(8)ನೆಯ ನಿಯಮ ಹೇಳುತ್ತದೆ. ಕುಂದುಕೊರತೆ ಅಧಿಕಾರಿಯ ತೀರ್ಮಾನದಿಂದ ಸಮಾಧಾನವಾಗದಿದ್ದರೆ 30 ದಿನಗಳೊಳಗೆ ಸರ್ಕಾರ ನೇಮಿಸಿದ ಮೇಲ್ಮನವಿ ಸಮಿತಿಗೆ ಹೋಗಬಹುದು. 2022ರ ಅಕ್ಟೋಬರ್‌ನ ತಿದ್ದುಪಡಿಯಿಂದ ಬಂದ ಈ ವ್ಯವಸ್ಥೆ 2023ರಿಂದ ಕಾರ್ಯನಿರ್ವಹಿಸುತ್ತಿದೆ.

ಆದರೆ ಸರ್ಕಾರವೇ ಖಾತೆಯನ್ನು ತಡೆಯಲು ಆದೇಶಿಸಿದಾಗ ಪರಿಸ್ಥಿತಿ ಬೇರೆ. ಮಾಹಿತಿ ತಂತ್ರಜ್ಞಾನ ಕಾಯಿದೆಯ 69ಎ ಕಲಮಿನ ಅಡಿಯಲ್ಲಿ ಬರುವ 2009ರ ನಿಯಮಗಳು ಬರೆದ ವ್ಯಕ್ತಿಗೆ ‘ಅಥವಾ’ ಮಧ್ಯವರ್ತಿ ಸಂಸ್ಥೆಗೆ ಸೂಚನೆ ಕೊಡುವುದನ್ನು ಹೇಳುತ್ತವೆ; ಇಡೀ ವ್ಯವಹಾರವನ್ನು ಗೋಪ್ಯವಾಗಿಡಬೇಕೆಂದೂ ವಿಧಿಸುತ್ತವೆ. ಆ ಒಂದು ‘ಅಥವಾ’ದಿಂದಾಗಿ ಕಂಪನಿಗೆ ತಿಳಿಸಿದರೆ ಸಾಕು, ಬರೆದವರಿಗೆ ತಿಳಿಸಬೇಕಾಗಿಲ್ಲ ಎಂಬ ಅರ್ಥಕ್ಕೆ ಎಡೆಯಾಗಿದೆ. ಕರ್ನಾಟಕ ಉಚ್ಚ ನ್ಯಾಯಾಲಯದ ಮುಂದೆ 2022ರ ಜುಲೈನಲ್ಲಿ ಟ್ವಿಟರ್ ಸಲ್ಲಿಸಿದ ಅರ್ಜಿಯಲ್ಲಿ ಚರ್ಚೆಯಾದ ವಿಷಯಗಳಲ್ಲಿ ಇದೂ ಸೇರಿತ್ತು. ನಿರ್ದಿಷ್ಟ ಬರಹವನ್ನು ಬಿಟ್ಟು ಇಡೀ ಖಾತೆಯನ್ನು ತಡೆಯಬಹುದೇ ಎಂಬುದು ಮತ್ತೊಂದು ಪ್ರಶ್ನೆ. 2023ರ ಜೂನ್ 30ರಂದು ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ಅವರು ಸರ್ಕಾರದ ಅಧಿಕಾರ ಖಾತೆಗಳಿಗೂ ವ್ಯಾಪಿಸುತ್ತದೆಂದು ತೀರ್ಪಿತ್ತು, 50 ಲಕ್ಷ ರೂಪಾಯಿಗಳ ವೆಚ್ಚವನ್ನು ವಿಧಿಸಿ ಅರ್ಜಿಯನ್ನು ವಜಾಗೊಳಿಸಿದರು. ಕಂಪನಿ ಮೇಲ್ಮನವಿ ಸಲ್ಲಿಸಿತು. ಈ ವ್ಯಾಜ್ಯದಲ್ಲಿ ವಾದಿಸಿದವರು ಕಂಪನಿ ಮತ್ತು ಸರ್ಕಾರ. ಯಾರ ಬರಹ ಮರೆಯಾಯಿತೋ ಅವರ ಪರವಾಗಿ ಮಾತನಾಡಬೇಕಾದ ಸ್ಥಾನದಲ್ಲಿ ಕಂಪನಿಯೇ ನಿಲ್ಲಬೇಕಾಯಿತು ಎಂಬುದು ವಿಚಾರಾರ್ಹ.

ಒಂದು ಬರಹವನ್ನು ತಡೆಯುವುದಕ್ಕೂ ಖಾತೆಯನ್ನು ತಡೆಯುವುದಕ್ಕೂ ಇರುವ ಅಂತರವನ್ನು ಪುಸ್ತಕಲೋಕದ ಉದಾಹರಣೆಯಿಂದ ವಿವರಿಸಬಹುದು. ಒಂದು ಕೃತಿಯನ್ನು ಮುಟ್ಟುಗೋಲು ಹಾಕಿಕೊಂಡರೂ ಆ ಲೇಖಕರ ಉಳಿದ ಕೃತಿಗಳು ಗ್ರಂಥಾಲಯದಲ್ಲಿರುತ್ತವೆ. ಖಾತೆಯ ನಿಷೇಧದಲ್ಲಿ ಹಿಂದೆ ಬರೆದುದೆಲ್ಲವೂ, ಆಕ್ಷೇಪಕ್ಕೆ ಸಂಬಂಧವೇ ಇಲ್ಲದುದೂ, ಕಪಾಟಿನಿಂದ ಕೆಳಗಿಳಿಯುತ್ತದೆ. ಮುಂದೆ ಬರೆಯಬಹುದಾದುದಕ್ಕೂ ಅವಕಾಶ ತಪ್ಪುತ್ತದೆ.

ದಾಖಲೆಯ ನಾಶ

ಈ ಅಂಶ ಸಾಹಿತ್ಯಚರಿತ್ರೆಗೆ ನೇರವಾಗಿ ಸಂಬಂಧಿಸಿದುದು. ಕಳೆದ ಹದಿನೈದು ವರ್ಷಗಳಲ್ಲಿ ಕನ್ನಡದ ಅನೇಕ ಕವಿತೆ, ವಿಮರ್ಶೆ, ವಾಗ್ವಾದಗಳು ಮೊದಲು ಕಾಣಿಸಿಕೊಂಡದ್ದು ಫೇಸ್‌ಬುಕ್ ಗೋಡೆಗಳ ಮೇಲೆ. ಒಂದು ಕವಿತೆ ಪುಸ್ತಕಕ್ಕೆ ಬರುವಾಗ ಪರಿಷ್ಕಾರಗೊಂಡಿರುತ್ತದೆ. ಅದರ ಮೊದಲ ಪಾಠವೂ ಅದಕ್ಕೆ ಓದುಗರು ಬರೆದ ಪ್ರತಿಕ್ರಿಯೆಗಳೂ ಖಾತೆಯಲ್ಲಿ ಮಾತ್ರ ಇರುತ್ತವೆ. ಖಾತೆ ಹೋದರೆ ಇವೂ ಹೋಗುತ್ತವೆ. ಬೇರೆಯವರ ಬರಹಗಳ ಕೆಳಗೆ ಆ ವ್ಯಕ್ತಿ ಬರೆದ ಉತ್ತರಗಳೂ ಮಾಯವಾಗುವುದರಿಂದ ಉಳಿದವರ ಸಂಭಾಷಣೆಯೂ ಅರೆಬರೆಯಾಗುತ್ತದೆ.

ಗ್ರಂಥಸಂಪಾದನೆಯ ಅನುಭವ ಇಲ್ಲಿ ಉಪಯುಕ್ತ ಪಾಠವೊಂದನ್ನು ಕಲಿಸುತ್ತದೆ. ಓಲೆಗರಿಗಳನ್ನು ಹುಳು ತಿಂದವು, ನೀರು ಕೆಡಿಸಿತು, ಬೆಂಕಿ ಸುಟ್ಟಿತು. ಆದರೂ ಹಳಗನ್ನಡದ ಅನೇಕ ಕೃತಿಗಳು ಉಳಿದುಬಂದದ್ದು ಅವುಗಳ ಪ್ರತಿಗಳು ಬೇರೆ ಬೇರೆ ಬಸದಿ, ಮಠ, ಮನೆಗಳಲ್ಲಿ ಚದುರಿ ಇದ್ದುದರಿಂದ. ಒಂದು ಪ್ರತಿಯ ಲೋಪವನ್ನು ಮತ್ತೊಂದು ತುಂಬಿತು. ಜಾಲತಾಣದ ಬರಹಕ್ಕೆ ಸಾವಿರಾರು ಓದುಗರಿದ್ದರೂ ಮೂಲಪ್ರತಿಯ ಕಾವಲುಗಾರ ಒಬ್ಬನೇ. ಅವನು ಬಾಗಿಲು ಮುಚ್ಚಿದರೆ ಪಾಠಾಂತರವನ್ನು ಹುಡುಕುವ ಜಾಗವೇ ಇಲ್ಲ.

ಅಧಿಕಾರಸ್ಥರ ವಿಷಯದಲ್ಲಿ ಇದಕ್ಕೆ ಸ್ವಲ್ಪಮಟ್ಟಿನ ರಕ್ಷಣೆಯಿದೆ. ಅಮೆರಿಕದಲ್ಲಿ 1978ರ ಅಧ್ಯಕ್ಷೀಯ ದಾಖಲೆಗಳ ಕಾಯಿದೆಯ ಕಾರಣದಿಂದ ಟ್ರಂಪ್ ಅವರ ಟ್ವೀಟ್‌ಗಳನ್ನು ಸಂರಕ್ಷಿಸುವ ಹೊಣೆ ರಾಷ್ಟ್ರೀಯ ಪತ್ರಾಗಾರದ ಮೇಲಿತ್ತು. ಮ್ಯಾನ್ಮಾರಿನ ಖಾತೆಗಳನ್ನು ತೆಗೆದಾಗ ಅವುಗಳಲ್ಲಿದ್ದುದನ್ನು ಉಳಿಸಿಕೊಂಡಿರುವುದಾಗಿ ಫೇಸ್‌ಬುಕ್ ತಿಳಿಸಿತು. ಮುಂದೆ ಗ್ಯಾಂಬಿಯಾ ದೇಶ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ಜನಾಂಗಹತ್ಯೆಯ ದಾವೆಯನ್ನು ಹೂಡಿದಾಗ ಸಾಕ್ಷ್ಯಕ್ಕಾಗಿ ಆ ದಾಖಲೆಗಳೇ ಬೇಕಾದವು. ಅವನ್ನು ಪಡೆಯಲು 2020ರಲ್ಲಿ ಅದು ಅಮೆರಿಕದ ನ್ಯಾಯಾಲಯದ ಮೆಟ್ಟಿಲೇರಬೇಕಾಯಿತು. ತೆಗೆದುಹಾಕುವುದೂ ಉಳಿಸಿಡುವುದೂ ಏಕಕಾಲದಲ್ಲಿ ಅಗತ್ಯವಾಗಬಹುದೆಂಬುದಕ್ಕೆ ಇದು ನಿದರ್ಶನ. ದ್ವೇಷದ ಮಾತು ಹರಡದಂತೆ ತಡೆಯಬೇಕು, ಆದರೆ ಅದನ್ನು ಆಡಲಾಯಿತೆಂಬುದಕ್ಕೆ ಸಾಕ್ಷ್ಯ ಉಳಿಯಬೇಕು. ಸಾಮಾನ್ಯ ಲೇಖಕಿಯೊಬ್ಬಳ ಹತ್ತು ವರ್ಷಗಳ ಬರಹಕ್ಕೆ ಇಂತಹ ಯಾವ ಪತ್ರಾಗಾರವೂ ಇಲ್ಲ.

ಸಮಾರೋಪ

ಮೇಲಿನ ವಿವೇಚನೆಯಿಂದ ಸ್ಪಷ್ಟವಾಗುವಂತೆ, ಖಾತೆಯ ನಿಷೇಧವನ್ನು ವಾಕ್‌ಸ್ವಾತಂತ್ರ್ಯದ ಪರ ಅಥವಾ ವಿರೋಧ ಎಂಬ ಎರಡೇ ತುದಿಗಳಲ್ಲಿಟ್ಟು ನೋಡುವುದು ಅಪೂರ್ಣ. ನಿಷೇಧ ಅಗತ್ಯವಾದ ಸಂದರ್ಭಗಳಿವೆ. ಆದರೆ ಭಾಷೆ ಬಲ್ಲವರ ಓದು ಅದರ ಹಿಂದಿರಬೇಕು, ಕಾರಣ ತಿಳಿಸಬೇಕು, ಅವಧಿ ಗೊತ್ತಿರಬೇಕು, ಉತ್ತರಿಸಲು ಎಡೆಯಿರಬೇಕು. ಹೊರಗೆ ಕಳುಹಿಸುವಾಗಲೂ ಬರೆದವರ ಬರಹವನ್ನು ಅವರ ಕೈಗೆ ಕೊಟ್ಟು ಕಳುಹಿಸಬೇಕು. ಇವು ಸರ್ಕಾರಿ ಕಚೇರಿಯ ಸಾಮಾನ್ಯ ಅಮಾನತಿನಲ್ಲಿಯೂ ನಿರೀಕ್ಷಿಸುವ ಮಟ್ಟದ ನ್ಯಾಯವೇ ಹೊರತು ಹೆಚ್ಚಿನದೇನಲ್ಲ.

ಕನ್ನಡ ಅಧ್ಯಯನದ ಮಟ್ಟಿಗೆ ಎರಡು ಕೆಲಸಗಳು ತುರ್ತಾಗಿ ಆಗಬೇಕಾಗಿವೆ. ಕನ್ನಡದ ಬೈಗುಳ, ವ್ಯಂಗ್ಯ, ಜಾತಿಸೂಚಕ ಪದಗಳ ಸಂದರ್ಭಾನುಸಾರಿ ಅರ್ಥವನ್ನು ಭಾಷಾಶಾಸ್ತ್ರದ ನೆಲೆಯಲ್ಲಿ ದಾಖಲಿಸುವುದು ಒಂದು. ಯಂತ್ರಕ್ಕೂ ಪರಿಶೀಲಕರಿಗೂ ಇದು ಬೇಕು. ಲೇಖಕರ ಸಮ್ಮತಿಯೊಡನೆ ಅವರ ಜಾಲತಾಣದ ಬರಹಗಳ ಪ್ರತಿಗಳನ್ನು, ಖಾತೆಗಳು ಚಾಲ್ತಿಯಲ್ಲಿರುವಾಗಲೇ, ವಿಶ್ವವಿದ್ಯಾನಿಲಯದ ಗ್ರಂಥಾಲಯಗಳು ಸಂಗ್ರಹಿಸಿಡುವುದು ಇನ್ನೊಂದು. ಹಸ್ತಪ್ರತಿ ಭಂಡಾರಗಳನ್ನು ಕಟ್ಟಿದ ವಿಭಾಗಗಳಿಗೆ ಈ ಕೆಲಸ ಅಪರಿಚಿತವೇನಲ್ಲ. ಓಲೆಗರಿಗಳನ್ನು ಅರಸಿ ಊರೂರು ತಿರುಗಿದ ವಿದ್ವಾಂಸರು ಹಲವೆಡೆ ತಡವಾಗಿ ತಲುಪಿದರು. ಈ ಬರಹಗಳ ವಿಷಯದಲ್ಲಿ ತಡವಾಗದಂತೆ ನೋಡಿಕೊಳ್ಳುವುದು ಇನ್ನೂ ಸಾಧ್ಯವಿದೆ.